ಪರದೆ ಹಳದಿಯಾಗುತ್ತದೆ, ಆಮೇಲೆ ‘ನೋ ಸಿಗ್ನಲ್’ ಎನ್ನುತ್ತದೆ: ಗ್ರಾಫಿಕ್ಸ್ ಕಾರ್ಡ್ ಬದಲಿಸಲೇಬೇಕೇ?

ಕಾರ್ಡಿಗೆ ದುಡ್ಡು ಕೊಡುವುದನ್ನು ಸ್ವಲ್ಪ ತಡೆಯಿರಿ. ನೀವು ಹೇಳಿದ್ದು ಇಷ್ಟು: ಮುಂಬೈ ಬಳಿಯ ಡೊಂಬಿವಲಿಯ ಮನೆ, ಹಳೆಯ ಕಂಪ್ಯೂಟರ್, ಮಾನಿಟರಿಗೆ ನೀಲಿ ತುದಿಯ ವಿಜಿಎ ಕೇಬಲ್. ಮಳೆ ಹಿಡಿದಾಗಿನಿಂದ ಬಿಳಿ ಪುಟ ಹಳದಿಯಾಗಿ ಕಾಣುತ್ತದೆ, ನಡುನಡುವೆ ‘ನೋ ಸಿಗ್ನಲ್’ ಎಂದು ಪರದೆ ಕಪ್ಪಾಗುತ್ತದೆ, ಒಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ರಿಪೇರಿಗೆ ಬಂದವರು ಪೆಟ್ಟಿಗೆಯನ್ನು ಬಿಚ್ಚದೆಯೇ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಚಿತ್ರವನ್ನು ತಯಾರಿಸಿ ಮಾನಿಟರಿಗೆ ಕಳಿಸುವ ಬಿಡಿಭಾಗ, ಹೋಗಿದೆ ಎಂದರು. ನಾನು ಠಾಣೆಯವನು, ನೆಂಟರಿಷ್ಟರ ಕಂಪ್ಯೂಟರುಗಳನ್ನು ನೋಡಿಕೊಡುವ ಕೆಲಸ ಹೇಗೋ ನನ್ನ ಹೆಗಲೇರಿದೆ. ಈ ಎರಡು ಲಕ್ಷಣಗಳು ಜೊತೆಯಾಗಿ ಕಂಡರೆ ನನ್ನ ಅನುಮಾನ ಮೊದಲು ಹೋಗುವುದು ಕೇಬಲಿನ ಮೇಲೆ.

ಕಾರಣವಿದೆ. ವಿಜಿಎ ಬಂದದ್ದು 1987ರಲ್ಲಿ. ಅದರಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ತಂತಿಗಳಲ್ಲಿ ಹರಿಯುತ್ತವೆ. ಕೇಬಲಿನ ತುದಿಯಲ್ಲಿ ಸಾಲಿಗೆ ಐದರಂತೆ ಮೂರು ಸಾಲು, ಒಟ್ಟು 15 ಪಿನ್ನುಗಳ ಜಾಗ. 1ನೆಯದು ಕೆಂಪು, 2ನೆಯದು ಹಸಿರು, 3ನೆಯದು ನೀಲಿ. ನೀಲಿ ಪಿನ್ನಿನ ಸಂಪರ್ಕ ತಪ್ಪಿದರೆ ಉಳಿದ ಕೆಂಪು ಮತ್ತು ಹಸಿರು ಬೆಳಕು ಬೆರೆತು ಬಿಳಿಯ ಜಾಗದಲ್ಲಿ ಹಳದಿ ಕಾಣುತ್ತದೆ. ಹಸಿರು ತಪ್ಪಿದ್ದರೆ ಪರದೆ ನೇರಳೆ ಬೆರೆತ ಗುಲಾಬಿಯಾಗುತ್ತಿತ್ತು, ಕೆಂಪು ತಪ್ಪಿದ್ದರೆ ಹಸಿರು ಬೆರೆತ ತಿಳಿನೀಲಿ. ಇನ್ನು 13 ಮತ್ತು 14ನೆಯ ಪಿನ್ನುಗಳು ಚಿತ್ರದ ಸಾಲುಗಳನ್ನು ಎಲ್ಲಿಂದ ಆರಂಭಿಸಬೇಕೆಂದು ಮಾನಿಟರಿಗೆ ತಿಳಿಸುತ್ತವೆ. ಅವು ಕೈಕೊಟ್ಟರೆ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದ್ದರೂ ಮಾನಿಟರ್ ‘ನೋ ಸಿಗ್ನಲ್’ ಎನ್ನುತ್ತದೆ. ತುದಿ ಸಡಿಲವಾಗಿದ್ದರೆ ನೀವು ಹೇಳುವ ಎರಡೂ ತೊಂದರೆಗಳು ಅದೊಂದರಿಂದಲೇ ಬರಬಹುದು. ಕಾರ್ಡ್ ಕೆಡುವಾಗ ಸಾಮಾನ್ಯವಾಗಿ ಪರದೆಯ ತುಂಬ ಚೌಕಗಳು, ಗೆರೆಗಳು, ಚೂರುಚೂರಾದ ಅಕ್ಷರಗಳು ಕಾಣುತ್ತವೆ. ಒಂದೇ ಬಣ್ಣವನ್ನು ಆರಿಸಿಕೊಂಡು ಕಳೆದುಕೊಳ್ಳುವುದು ಅಪರೂಪ.

ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ‘ನೈಟ್ ಲೈಟ್’, ಅಂದರೆ ರಾತ್ರಿ ಪರದೆಯ ನೀಲಿ ಬೆಳಕು ತಗ್ಗಿಸುವ ಸೌಲಭ್ಯ, ಆನ್ ಆಗಿದೆಯೇ ಎಂದು ಒಮ್ಮೆ ನೋಡಿಬಿಡಿ. ಮನೆಯಲ್ಲಿ ಮಕ್ಕಳಿದ್ದರೆ ಇದೂ ಸಾಧ್ಯ. ಅದರಿಂದ ಬರುವ ಹಳದಿಯಲ್ಲಿ ಕಿತ್ತಳೆಯ ಛಾಯೆ ಇರುತ್ತದೆ. ನೀಲಿ ಪಿನ್ ತಪ್ಪಿದ್ದರೆ ಬಣ್ಣ ನಿಂಬೆಹಣ್ಣಿನ ಹಳದಿ, ಕಡುನೀಲಿ ಇರಬೇಕಾದ ಕಡೆಯೆಲ್ಲ ಕಪ್ಪು.

ಈಗ ಮುಖ್ಯ ಪರೀಕ್ಷೆ. ಇದಕ್ಕೆ ಪೈಸೆಯ ಖರ್ಚಿಲ್ಲ. ಪರದೆ ಹಳದಿಯಾಗಿರುವಾಗಲೇ ಮಾನಿಟರಿನ ಅಂಚಿನಲ್ಲಿರುವ ಬಟನ್ ಒತ್ತಿ ಅದರ ಸ್ವಂತ ಮೆನು ತೆರೆಯಿರಿ, ಬೆಳಕು ಹೆಚ್ಚುಕಡಿಮೆ ಮಾಡುತ್ತೇವಲ್ಲ, ಅದು. ಆ ಮೆನು ಕಂಪ್ಯೂಟರಿನಿಂದ ಬರುವುದಿಲ್ಲ, ಮಾನಿಟರಿನೊಳಗೇ ಹುಟ್ಟುತ್ತದೆ. ಮೆನುವಿನ ಬಿಳಿ ಅಕ್ಷರಗಳು ಬಿಳಿಯಾಗಿಯೇ ಇದ್ದು ಹಿಂದಿನ ಚಿತ್ರ ಮಾತ್ರ ಹಳದಿಯಾಗಿದ್ದರೆ ಮಾನಿಟರಿನ ಪರದೆ ಚೆನ್ನಾಗಿದೆ, ತೊಂದರೆ ಕೇಬಲಿನಲ್ಲಿದೆ ಅಥವಾ ಅದರ ಆಚೆ ಇದೆ. ಮೆನುವೂ ಹಳದಿಯಾಗಿದ್ದರೆ ಮಾನಿಟರನ್ನೇ ವಿಚಾರಿಸಿಕೊಳ್ಳಬೇಕು. ಪರದೆ ಮಿನುಗುವ ತೊಂದರೆಗೂ ಇದೇ ಪರೀಕ್ಷೆ ನಡೆಯುತ್ತದೆ. ಇಷ್ಟನ್ನೂ ಮಾಡದೆ ಕಾರ್ಡ್ ಹೋಗಿದೆ ಎನ್ನುವವರ ಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ದೋಷ ಕೇಬಲಿನ ಕಡೆ ಎಂದು ಕಂಡರೆ ಕಂಪ್ಯೂಟರ್, ಮಾನಿಟರ್ ಎರಡನ್ನೂ ಆಫ್ ಮಾಡಿ, ಪ್ಲಗ್ ಕಿತ್ತು, ಕೇಬಲಿನ ಎರಡೂ ತುದಿಗಳನ್ನು ಬಿಚ್ಚಿ. ಟಾರ್ಚ್ ಹಿಡಿದು ನೋಡಿ: ಪಿನ್ ಬಾಗಿದೆಯೇ, ಕಿಲುಬು ಕಟ್ಟಿದೆಯೇ? ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಲೋಹ ಸುಮ್ಮನಿರುತ್ತದೆಯೇ? ಮಧ್ಯದ ಸಾಲಿನಲ್ಲಿ 9ನೆಯ ಪಿನ್ ಇಲ್ಲದಿದ್ದರೆ ಗಾಬರಿಯಾಗಬೇಡಿ, ಎಷ್ಟೋ ಕೇಬಲುಗಳಲ್ಲಿ ಅದನ್ನು ಇಡುವುದೇ ಇಲ್ಲ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಪೂರ್ತಿ ಆರಲು ಬಿಡಿ. ಅತ್ತರು, ಸೀಮೆಎಣ್ಣೆ ಬೇಡ. ಮತ್ತೆ ಜೋಡಿಸಿದ ಮೇಲೆ ಎರಡು ಬದಿಯ ಸ್ಕ್ರೂಗಳನ್ನು ಕೈಯಿಂದಲೇ ಬಿಗಿ ಮಾಡಿ. ಬಹಳ ಮನೆಗಳಲ್ಲಿ ಆ ಸ್ಕ್ರೂಗಳನ್ನು ಯಾರೂ ಮುಟ್ಟಿರುವುದಿಲ್ಲ. ಕೇಬಲ್ ತನ್ನ ಭಾರಕ್ಕೇ ಜಗ್ಗಿ ವರ್ಷಗಟ್ಟಲೆ ಓರೆಯಾಗಿ ನೇತಾಡುತ್ತಿರುತ್ತದೆ.

ಆನ್ ಮಾಡಿದ ಕ್ಷಣದಿಂದಲೂ ಏನೂ ಕಾಣದಿದ್ದರೆ ಅದು ಬೇರೆ ಕಥೆ. ಆಗ ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಒತ್ತಿದಂತೆ ಹತ್ತಿ ಆರಿದರೆ ಕಂಪ್ಯೂಟರಿಗೆ ಜೀವವಿದೆ, ಚಿತ್ರ ಮಾತ್ರ ತಲುಪುತ್ತಿಲ್ಲ. ದೀಪ ಅಲುಗದಿದ್ದರೆ ಪ್ಲಗ್ ಕಿತ್ತು, ಪೆಟ್ಟಿಗೆಯೊಳಗಿನ ರ‍್ಯಾಮ್ (ಮೆಮೊರಿ) ಪಟ್ಟಿಯನ್ನು ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಕೊಡವಿ ಮತ್ತೆ ಕೂರಿಸಿ. ಮಾನಿಟರಿನ ಬೆನ್ನನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಒರೆಸಿದರೂ ಹಳದಿ ಹೋಗಲಿಲ್ಲವೆಂದರೆ ನೆರೆಮನೆಯಿಂದ ಇನ್ನೊಂದು ವಿಜಿಎ ಕೇಬಲ್ ಎರವಲು ತಂದು ಹಾಕಿ ನೋಡಿ. ಅದರಲ್ಲೂ ಹಾಗೆಯೇ ಆದರೆ ಕೇಬಲನ್ನು ಕಾರ್ಡಿನಿಂದ ತೆಗೆದು ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿನ, ವಿಜಿಎ ಕಿಂಡಿಗೆ ಚುಚ್ಚಿ. ನಿಮ್ಮ ಪ್ರೊಸೆಸರಿನಲ್ಲೇ ಚಿತ್ರ ತಯಾರಿಸುವ ಗ್ರಾಫಿಕ್ಸ್ ಭಾಗ ಇದ್ದರೆ ಚಿತ್ರ ಬರುತ್ತದೆ. ಕೆಲವು ಬೋರ್ಡುಗಳಲ್ಲಿ ಅದಕ್ಕೆ ಮೊದಲು ಕಾರ್ಡನ್ನು ಕಳಚಬೇಕಾಗುತ್ತದೆ. ಅಲ್ಲಿ ಬಣ್ಣ ಸರಿಯಿದ್ದು ಕಾರ್ಡಿನಲ್ಲಿ ಮಾತ್ರ ಹಳದಿಯಾದರೆ ರಿಪೇರಿಯವರ ಮಾತು ನಿಜ. ಆದರೂ ನೀವು ಆಟ ಆಡುವುದಿಲ್ಲ, ವಿಡಿಯೊ ಸಂಕಲನ ಮಾಡುವುದಿಲ್ಲ ಎಂದಾದರೆ ಹೊಸ ಕಾರ್ಡೇಕೆ? ಮದರ್‌ಬೋರ್ಡಿನ ಕಿಂಡಿಯಲ್ಲೇ ಕೆಲಸ ನಡೆಸಿ. ಕೇಬಲ್ ಮಾತ್ರ ಸಾಕು ಎಂದಾದರೆ ಅದಕ್ಕಾಗಿ ಮುಂಬೈಯ ಗ್ರಾಂಟ್ ರೋಡಿನಲ್ಲಿಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯ ತನಕ ಹೋಗುವುದು ಬೇಡ, ಡೊಂಬಿವಲಿಯ ಯಾವ ಕಂಪ್ಯೂಟರ್ ಅಂಗಡಿಯಲ್ಲಾದರೂ ಸಿಗುತ್ತದೆ. ಹಳೆಯದನ್ನು ಜೊತೆಗೆ ಒಯ್ಯಿರಿ, ಎರಡೂ ತುದಿ ಹೊಂದುತ್ತವೆಯೇ ಎಂದು ಅಲ್ಲೇ ನೋಡಿಕೊಂಡು ತನ್ನಿ.