ಪಕ್ಕದ ಮನೆ ಮಕ್ಕಳಿಗೆ ಸೊಮಾಲಿ ಬರುತ್ತದೆ, ನಮ್ಮವನಿಗೆ ಕನ್ನಡ ಯಾಕಿಲ್ಲ?

ಪ್ರಶ್ನೆ: ಮಗಳು ಸ್ಟಾಕ್‌ಹೋಮ್‌ನಲ್ಲಿದ್ದಾಳೆ, ಬೇಸಿಗೆಯಲ್ಲಿ ಹೋಗಿದ್ದೆ. ಪಕ್ಕದ ಮನೆಯವರು ಸೊಮಾಲಿಯಾದವರು. ಮಕ್ಕಳು ಸ್ವೀಡನ್‌ನಲ್ಲೇ ಹುಟ್ಟಿದ್ದು, ಆದರೂ ಅಜ್ಜಿ ಜೊತೆ ತಮ್ಮ ಭಾಷೆಯಲ್ಲೇ ಪಟಪಟ ಮಾತಾಡುತ್ತಾರೆ. ಆ ಅಜ್ಜಿಗೆ ಸ್ವೀಡಿಷ್ ಬರುವುದಿಲ್ಲವಂತೆ. ನನ್ನ ಮೊಮ್ಮಗನಿಗೆ ಏಳು ವರ್ಷ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ನನಗೂ ಅಷ್ಟಿಷ್ಟು ಇಂಗ್ಲಿಷ್ ಬರುವುದರಿಂದ ಹೇಗೋ ನಡೆಯುತ್ತದೆ. ಅವರು ಮಾಡುವುದೇನು, ನಾವು ಬಿಟ್ಟಿದ್ದೇನು?
– ಒಬ್ಬ ಅಜ್ಜಿ, ಶಿವಮೊಗ್ಗ

ಉತ್ತರ: ಅರ್ಧ ಉತ್ತರ ನೀವೇ ಬರೆದಿದ್ದೀರಿ. ಆ ಮಕ್ಕಳಿಗೆ ತಿಂಡಿ ಬೇಕಾದರೂ, ಅಣ್ಣನ ಮೇಲೆ ಚಾಡಿ ಹೇಳಬೇಕಾದರೂ ಅಜ್ಜಿ ಹತ್ತಿರ ಸೊಮಾಲಿಯೇ ಆಗಬೇಕು. ನಿಮ್ಮ ಮೊಮ್ಮಗನಿಗೆ ಆ ಗರಜೇ ಇಲ್ಲ.

ಇನ್ನೊಂದು ಸಂಗತಿ. ಸೊಮಾಲಿಗೆ ಅಧಿಕೃತ ಲಿಪಿ ಅಂತ ಬಂದಿದ್ದೇ 1972ರಲ್ಲಿ, ಲ್ಯಾಟಿನ್ ಅಕ್ಷರದಲ್ಲಿ. ಅಲ್ಲಿವರೆಗೆ ಕವಿತೆ, ಒಗಟು, ಕಥೆ ಎಲ್ಲ ಹೆಚ್ಚಾಗಿ ಬಾಯಲ್ಲೇ ಇದ್ದದ್ದು. ಅಪ್ಪ, ಅಜ್ಜ, ಮುತ್ತಜ್ಜ ಅಂತ ಹಿಂದಕ್ಕೆ ಹೆಸರು ಹೇಳಿಸುವ 'ಅಬ್ತಿರ್ಸಿ'ಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಮನುಷ್ಯರನ್ನು ತಿನ್ನುವ ಉದ್ದ ಕಿವಿಯ ರಾಕ್ಷಸಿ ದೆಗ್‌ದೇರ್ ಕಥೆ ಹೇಳಿ ಹೆದರಿಸುತ್ತಾರೆ. 1991ರಲ್ಲಿ ಸರ್ಕಾರ ಕುಸಿದು, ಯುದ್ಧಕ್ಕೆ ಹೆದರಿ ಊರು ಬಿಟ್ಟವರು ಮನೆ-ಹೊಲ ತರಲಾಗಲಿಲ್ಲ, ಇದನ್ನು ತಂದರು. ಪುಸ್ತಕ ಕಳಿಸಿ ಅಂತ ಕಾಯುವ ನಮ್ಮವರು ಇದನ್ನು ಸ್ವಲ್ಪ ನೋಡಬೇಕು.

ಹಾಗಂತ ಅವರ ಮನೆಗಳಲ್ಲಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಅಣ್ಣ-ತಂಗಿ ತಮ್ಮತಮ್ಮಲ್ಲಿ ಸ್ವೀಡಿಷ್ ಆಡಿಕೊಳ್ಳುವುದು, ಕೊನೆಯ ಮಗುವಿಗೆ ಮನೆಮಾತು ಎಲ್ಲರಿಗಿಂತ ಕಡಿಮೆ ಬರುವುದು, ಅಮ್ಮಂದಿರು ಗೊಣಗುವುದು ಅಲ್ಲೂ ಇದ್ದದ್ದೇ.

ಶಾಲೆಯ ನೆರವೂ ಇದೆ. ಸ್ವೀಡನ್‌ನಲ್ಲಿ 1977ರಿಂದ ಮನೆಮಾತನ್ನು ಶಾಲೆಯಲ್ಲೇ ಕಲಿಸುವ ವ್ಯವಸ್ಥೆ ಇದೆ, ಸೊಮಾಲಿ ಮಕ್ಕಳು ಅದನ್ನು ಚೆನ್ನಾಗಿಯೇ ಬಳಸುತ್ತಾರೆ. ಒಂದು ಕೊಮ್ಮೂನಿನಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲಿ, ಐದು ಮಕ್ಕಳು ಕೇಳಿದರೆ, ತಕ್ಕ ಶಿಕ್ಷಕರು ಸಿಕ್ಕರೆ, ಪಾಠ ಕೊಡಬೇಕು. ಕನ್ನಡಕ್ಕೂ ಅದೇ ನಿಯಮ. ಮಗಳಿಗೆ ಹೇಳಿ, ಇನ್ನು ನಾಲ್ಕು ಕನ್ನಡದ ಮಕ್ಕಳನ್ನು ಹುಡುಕಲಿ, ಆದರೆ ಸ್ಟಾಕ್‌ಹೋಮ್‌ಗೆ ಅಂಟಿಕೊಂಡಿರುವ ಸೋಲ್ನಾದಲ್ಲಿ ಯಾರಾದರೂ ಗೆಳತಿ ಇದ್ದರೆ ಅವಳ ಮಗು ಲೆಕ್ಕಕ್ಕೆ ಬರುವುದಿಲ್ಲ, ಸೋಲ್ನಾ ಬೇರೆ ಕೊಮ್ಮೂನ್. ಸಿಗುವುದು ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆ ಆಸುಪಾಸು, ಎಷ್ಟೋ ಕಡೆ ಶಾಲೆ ಬಿಟ್ಟ ಮೇಲೆ. ದೊಡ್ಡ ಷರತ್ತು ಇನ್ನೊಂದಿದೆ. ಆ ಭಾಷೆ ಮನೆಯಲ್ಲಿ ದಿನವೂ ಬಳಕೆಯಲ್ಲಿರಬೇಕು, ಮಗುವಿಗೆ ಅಷ್ಟೋ ಇಷ್ಟೋ ಮೊದಲೇ ಬರಬೇಕು. ಶಾಲೆ ಸೊನ್ನೆಯಿಂದ ಶುರು ಮಾಡಿಕೊಡುವುದಿಲ್ಲ.

ನೀವು ವಿಡಿಯೋ ಕಾಲ್‌ನಲ್ಲಿ ಕನ್ನಡ ಬಿಡಬೇಡಿ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಕನ್ನಡದಲ್ಲಿ ಹೇಳಿ ಮುಂದುವರಿಯಿರಿ. ತಪ್ಪು ಮಾತಾಡಿದರೆ ಮಾತ್ರ ನಗಬೇಡಿ, ಮನೆಮಂದಿಯೆಲ್ಲ ಸೇರಿ ನಕ್ಕರೆ ಆ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ. ಇನ್ನೊಂದು, ಸ್ವಲ್ಪ ಖಾರ ಅನಿಸಬಹುದು: ಮಗಳು-ಅಳಿಯ ತಮ್ಮಿಬ್ಬರಲ್ಲಿ ಯಾವ ಭಾಷೆ ಮಾತಾಡುತ್ತಾರೆ? ಇಂಗ್ಲಿಷ್ ಅಂತಾದರೆ ಈ ಪತ್ರವನ್ನು ಮೊದಲು ಅವರಿಗೆ ಓದಿ ಹೇಳಿ.