ಓದುಗರ ಪ್ರಶ್ನೆ: ಘಾಟಿಯಲ್ಲಿ ನಿಂತು ನೋಡಿದರೂ ತೆರೆಯಬೇಕು ನಿಮ್ಮ ವೆಬ್‌ಸೈಟ್

ಪ್ರಶ್ನೆ: ಶಿರಸಿಯಿಂದ ಸಹಸ್ರಲಿಂಗದ ಕಡೆ ಹೋಗುವಾಗ ಸ್ವಲ್ಪ ಒಳಗೆ ನಮ್ಮ ಮನೆ. ತೋಟದ ಪಕ್ಕ ನಾಲ್ಕು ಕೋಣೆ ಕಟ್ಟಿಸಿ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಎರಡು ವರ್ಷದ ಹಿಂದೆ ಮಾಡಿಸಿದ ವೆಬ್‌ಸೈಟ್ ಕಂಪ್ಯೂಟರಿನಲ್ಲಿ ಚಂದ ಕಾಣುತ್ತದೆ. ಆದರೆ ಬಂದವರೆಲ್ಲ "ನಿಮ್ಮ ಸೈಟು ಫೋನಲ್ಲಿ ಓಪನ್ನೇ ಆಗಲ್ಲ, ಆದ್ರೂ ಅಕ್ಷರ ಕಾಣಲ್ಲ" ಅನ್ನುತ್ತಾರೆ. ಮಾಡಿಕೊಟ್ಟವರನ್ನು ಕೇಳಿದರೆ ಪೂರ್ತಿ ಹೊಸದು ಮಾಡಿಸಿ, ಇಲ್ಲವಾದರೆ ಮೊಬೈಲಿಗೆ ಅಂತ ಬೇರೆಯೇ ಸೈಟು ಮಾಡಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಬೇರೆ ಸೈಟು ಬೇಡವೇ ಬೇಡ. ಎರಡು ಸೈಟು ಇದ್ದರೆ ಒಂದರಲ್ಲಿ ಹೊಸ ದರ, ಇನ್ನೊಂದರಲ್ಲಿ ಹಳೇ ದರ ಉಳಿದುಬಿಡುತ್ತದೆ. ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿಧಾನ ಇದೆ, ರೆಸ್ಪಾನ್ಸಿವ್ ಡಿಸೈನ್ ಅನ್ನುತ್ತಾರೆ. ಈ ಹೆಸರು ಬಂದಿದ್ದೇ 2010ರಲ್ಲಿ, ಹೊಸದೇನಲ್ಲ. ಪೂರ್ತಿ ಹೊಸದು ಬೇಕಾ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಸೈಟನ್ನು ಯಾರು, ಎಲ್ಲಿ ನಿಂತು ನೋಡುತ್ತಾರೆ ಅಂತ ಯೋಚಿಸಿ.

ಹೋದ ಮಳೆಗಾಲದಲ್ಲಿ ಅಮ್ಮನ ಜೊತೆ ಕುಮಟಾದಿಂದ ಶಿರಸಿಗೆ ಬರುತ್ತಿದ್ದೆ. ಸಂಜೆ ಆಗಿತ್ತು, ದೇವಿಮನೆ ಘಾಟಿಯಲ್ಲಿ ಮಳೆ ಹೊಡೆಯುತ್ತಿತ್ತು, ಹತ್ತಿರದಲ್ಲೇ ಎಲ್ಲಾದರೂ ಉಳಿಯೋಣ ಅಂತ ಕಾರು ಬದಿಗೆ ಹಾಕಿ ಫೋನ್ ತೆಗೆದೆ. ಒಂದು ಹೋಮ್‌ಸ್ಟೇ ಸಿಕ್ಕಿತು. ಸಿಗ್ನಲ್ ಒಂದೇ ಕಡ್ಡಿ. ಮೊದಲು ಬರೀ ಬಿಳಿ ಪರದೆ, ಆಮೇಲೆ ಒಂದು ಜಲಪಾತದ ಮೇಲಿನ ಅರ್ಧ ಬಂತು, ಅಲ್ಲೇ ನಿಂತಿತು. ಎಷ್ಟೋ ಹೊತ್ತಿಗೆ ನಂಬರ್ ಕಂಡಿತು, ಆದರೆ ಅದು ಚಿತ್ರದೊಳಗೆ ಬರೆದ ನಂಬರ್. ಒತ್ತಿದರೆ ಕಾಲ್ ಹೋಗುವುದಿಲ್ಲ, ಕಾಪಿಯೂ ಆಗುವುದಿಲ್ಲ. ನಾನು ಒಂದೊಂದೇ ಅಂಕಿ ಓದಿ ಹೇಳಿದೆ, ಅಮ್ಮ ತಮ್ಮ ಫೋನಿನಲ್ಲಿ ಒತ್ತಿದರು, ಎರಡು ಸಲ ತಪ್ಪಾಯಿತು. ಕೊನೆಗೆ ಬೇಡ ಅಂತ ಶಿರಸಿಗೇ ಹೋಗಿ ಲಾಡ್ಜ್ ಮಾಡಿದೆವು. ಆ ಮನೆಯವರಿಗೆ ಒಂದು ರಾತ್ರಿಯ ಬಾಡಿಗೆ ತಪ್ಪಿತು. ತಪ್ಪಿದ್ದು ಅವರಿಗೆ ಗೊತ್ತೂ ಆಗಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಈಗ ನಿಮ್ಮ ಸೈಟಿಗೆ ಬರೋಣ. ತೆರೆಯದೇ ಇರುವುದಕ್ಕೆ ಹೆಚ್ಚಾಗಿ ಫೋಟೋಗಳೇ ಕಾರಣ. ಫೋನಿನಲ್ಲಿ ತೆಗೆದ ಒಂದು ಫೋಟೋ ಸುಮಾರು 4 ಎಂಬಿ ಅಂತಿಟ್ಟುಕೊಳ್ಳಿ. ತೋಟ, ಅಂಗಳ, ಕೋಣೆ, ಊಟದ ಬಾಳೆ ಅಂತ 12 ಫೋಟೋ ಹಾಗೇ ಹಾಕಿದರೆ 48 ಎಂಬಿ. ಘಾಟಿಯಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ವೇಗ ಸಿಕ್ಕರೆ ಒಂದು ಎಂಬಿ ಇಳಿಯಲು 8 ಸೆಕೆಂಡ್ ಬೇಕು. ಲೆಕ್ಕ ಹಾಕಿ, ಆರು ನಿಮಿಷಕ್ಕೂ ಜಾಸ್ತಿ! ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅಷ್ಟು ದೊಡ್ಡ ಫೋಟೋ ಫೋನಿಗೆ ಬೇಕಾಗಿಯೂ ಇಲ್ಲ. ಆ ಫೋಟೋ ಸುಮಾರು 4000 ಪಿಕ್ಸೆಲ್ ಅಗಲ ಇರುತ್ತದೆ, ಬಹಳಷ್ಟು ಫೋನುಗಳ ಪರದೆ 1080 ಪಿಕ್ಸೆಲ್ ಅಗಲ. ಅದನ್ನು 1200ಕ್ಕೆ ಇಳಿಸಿ, ವೆಬ್‌ಪಿ ಅನ್ನುವ ನಮೂನೆಯಲ್ಲಿ ಉಳಿಸಿದರೆ ಸಾಮಾನ್ಯವಾಗಿ 100–200 ಕೆಬಿಯೊಳಗೆ ಬರುತ್ತದೆ, ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸ್ಕ್ವೂಷ್ ಅಂತ ಒಂದು ಉಚಿತ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತದೆ. ಮನೆಯ ಮಕ್ಕಳಿಗೆ ಒಂದು ಸಲ ತೋರಿಸಿಕೊಟ್ಟರೆ ಸಾಕು, ಮಧ್ಯಾಹ್ನದೊಳಗೆ ಮುಗಿಸುತ್ತಾರೆ. ಕೆಳಗಿನ ಫೋಟೋಗಳು ಓದುಗರು ಅಲ್ಲಿಗೆ ಬಂದಾಗ ಮಾತ್ರ ಇಳಿಯುವ ಹಾಗೆ ಲೇಜಿ ಲೋಡಿಂಗ್ ಹಾಕಿಸಿ. ಮೇಲೆ ತಾನಾಗಿ ಓಡುವ ವಿಡಿಯೋ ಇದ್ದರೆ ತೆಗೆಸಿಬಿಡಿ.

ಅಕ್ಷರ ಸಣ್ಣ ಕಾಣುವುದಕ್ಕೆ ಕಾರಣ ಬೇರೆ. ಪುಟದಲ್ಲಿ ವ್ಯೂಪೋರ್ಟ್ ಅನ್ನುವ ಒಂದು ಸಾಲು ಇಲ್ಲದಿದ್ದರೆ ಫೋನು ಅದನ್ನು ಕಂಪ್ಯೂಟರಿನ ಪುಟ ಅಂತ ತಿಳಿದು, ಸುಮಾರು 980 ಪಿಕ್ಸೆಲ್ ಅಗಲಕ್ಕೆ ಬರೆದುಕೊಂಡು, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಮಾಡಿಕೊಟ್ಟವರಿಗೆ ಫೋನ್ ಮಾಡಿ "ವ್ಯೂಪೋರ್ಟ್ ಟ್ಯಾಗ್ ಇದೆಯಾ?" ಅಂತ ಇದೊಂದನ್ನೇ ಕೇಳಿ. ಆ ಸಾಲು ಹಾಕಿದ ಮೇಲೆ ಪುಟ ಸರಿಯಾಗಿ ಕೂತರೆ ನಿಮ್ಮ ದುಡ್ಡು ಉಳಿಯಿತು. ಪಕ್ಕಕ್ಕೆ ಜರುಗಿಸಿ ಓದಬೇಕಾಗುತ್ತಿದ್ದರೆ ವಿನ್ಯಾಸವನ್ನೇ ಬದಲಿಸಬೇಕು, ಆಗ ಹೊಸದು ಮಾಡಿಸುವುದರಲ್ಲಿ ಅರ್ಥ ಇದೆ.

ಏನು ಮಾಡಿಸಿದರೂ ಮೊದಲ ಪರದೆಯಲ್ಲಿ ನಾಲ್ಕು ವಿಷಯ ಇರಲಿ: ಊರು, ಒಬ್ಬರಿಗೆ ದರ ಎಷ್ಟು ಮತ್ತು ಊಟ ಅದರಲ್ಲಿ ಸೇರಿದೆಯಾ, ಕಾಲ್ ಬಟನ್, ವಾಟ್ಸಾಪ್ ಬಟನ್. ಹೆಬ್ಬೆರಳಿನಲ್ಲಿ ತಡಕಾಡದೇ ಒತ್ತುವಷ್ಟು ದೊಡ್ಡ ಬಟನ್ ಬೇಕು. ಆಂಡ್ರಾಯ್ಡ್‌ಗೆ ಗೂಗಲ್ ಹೇಳುವ ಅಳತೆ 48 ಡಿಪಿ (ಪರದೆಯ ಅಳತೆಯ ಒಂದು ಮಾನ), ಅಂದರೆ ಪರದೆಯ ಮೇಲೆ ಸುಮಾರು 9 ಮಿಲಿಮೀಟರ್. ವಾಟ್ಸಾಪ್ ಲಿಂಕಿನಲ್ಲಿ ನಂಬರಿನ ಮುಂದೆ 91 ಇರಲಿ, ಸೊನ್ನೆಯೂ ಬೇಡ, ಪ್ಲಸ್ ಚಿಹ್ನೆಯೂ ಬೇಡ.

ದಾರಿಯನ್ನು ಮಾತಿನಲ್ಲೂ ಬರೆಯಿರಿ. ನಮ್ಮ ಕಡೆ ಒಂದೇ ಹೆಸರಿನ ಊರು ಎರಡೆರಡು, ಮ್ಯಾಪು ಒಮ್ಮೊಮ್ಮೆ ತೋಟದ ಕಾಲುದಾರಿಗೆ ತಂದು ಬಿಡುತ್ತದೆ, ಅಲ್ವಾ? "ಶಾಲೆ ದಾಟಿ ಎರಡನೇ ಎಡತಿರುವು, ಕಾಲುಸಂಕದ ಕಡೆ ಹೋಗಬೇಡಿ" ಅಂತ ಎರಡು ಸಾಲು ಇದ್ದರೆ ನೆಟ್‌ವರ್ಕ್ ಹೋದರೂ ಆ ಪುಟ ಫೋನಿನಲ್ಲಿ ತೆರೆದೇ ಇರುತ್ತದೆ.

ಮುಗಿದ ಮೇಲೆ ನಿಮ್ಮ ಫೋನಿನಲ್ಲಿ ಪರೀಕ್ಷೆ ಮಾಡಬೇಡಿ. ಒಮ್ಮೆ ನೋಡಿದ ಚಿತ್ರಗಳು ಅದರಲ್ಲೇ ಉಳಿದಿರುತ್ತವೆ, ಸುಮ್ನೆ ಬೇಗ ತೆರೆದ ಹಾಗೆ ಕಾಣುತ್ತದೆ. ಪಕ್ಕದ ಮನೆಯವರ ಹಳೇ ಫೋನ್ ಇಸಿದುಕೊಂಡು, ವೈಫೈ ಆಫ್ ಮಾಡಿ ನೋಡಿ. ಸೈಟಿನ ವೇಗ ಅಳೆಯುವ ಗೂಗಲ್ಲಿನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಕೂಡ ಪುಕ್ಕಟೆ. ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಂಡರೆ ಅದು ಚೆನ್ನಾಗಿದೆ ಅನ್ನುತ್ತದೆ, 4 ಸೆಕೆಂಡ್ ದಾಟಿದರೆ ಕೆಟ್ಟದ್ದು ಅನ್ನುತ್ತದೆ. ಗೂಗಲ್ ಹುಡುಕಾಟಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಈಗ ನಿಮ್ಮ ಸೈಟಿನ ಮೊಬೈಲ್ ರೂಪವನ್ನೇ. 2016ರಲ್ಲಿ ಹೇಳಿದ್ದ ಆ ಬದಲಾವಣೆ ಮುಗಿಯಿತು ಅಂತ 2023ರಲ್ಲಿ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಎಷ್ಟು ಚಂದ ಇದ್ದರೂ ಫೋನಿನ ಪುಟದಲ್ಲಿ ಇಲ್ಲದ ಮಾತು ಅದಕ್ಕೆ ಕಾಣುವುದಿಲ್ಲ.

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಮೀನೂಟದ ಹೋಟೆಲ್. ಟೇಬಲ್ ಮೇಲೆ ಕ್ಯೂಆರ್ ಕೋಡ್ ಇಟ್ಟಿದ್ದೇವೆ, ಮೆನು ಪಿಡಿಎಫ್ ಆಗಿ ತೆರೆಯುತ್ತದೆ. ವೆಬ್‌ಸೈಟಿನಲ್ಲಿ ಕನ್ನಡ ಹಾಕಿದರೆ ಕೆಲವೆಡೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತದೆ. ಕನ್ನಡ ತೆಗೆದುಬಿಡಲೇ?
– ಹೋಟೆಲ್ ಮಾಲೀಕರು, ಕಾರವಾರ

ಉತ್ತರ: ದಯವಿಟ್ಟು ತೆಗೆಯಬೇಡಿ! ತಪ್ಪು ಕನ್ನಡದ್ದಲ್ಲ. ಟೈಪ್ ಮಾಡಿದವರು ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿ ಹಾಗೇ ಅಂಟಿಸಿದ್ದಾರೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಕನ್ನಡವೇ ಅಲ್ಲ. ಯೂನಿಕೋಡಿಗೆ, ಅಂದರೆ ಎಲ್ಲ ಫೋನುಗಳೂ ಓದುವ ಅಕ್ಷರ ಸಂಕೇತಕ್ಕೆ ಬದಲಾಯಿಸಿ ಹಾಕಿ, ಈಗಿನ ಫೋನುಗಳಲ್ಲೆಲ್ಲ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಇನ್ನೊಂದು ವಿಷಯ, ಇಂಗ್ಲಿಷಿಗೆ ಅಂತ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಬಟನ್ ಮೇಲೆ "ಇಲ್ಲಿ ಒತ್ತಿ" ಅಂತ ಬರೆದಾಗ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗಿದೆಯಾ ಅಂತ ಕಣ್ಣಿಟ್ಟು ನೋಡಿ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಕಮ್ಮಿ ಬೇಡ.

ಪಿಡಿಎಫ್ ಬಿಟ್ಟು ಮೆನುವನ್ನು ಸಾದಾ ಪುಟ ಮಾಡಿ. ಎರಡು ಬೆರಳಲ್ಲಿ ಹಿಗ್ಗಿಸಿ, ಜರುಗಿಸಿ ಊಟ ಹುಡುಕುವುದು ಹಸಿದವರಿಗೆ ಶಿಕ್ಷೆ. ಮೀನು ದಿನವೂ ಬದಲಾಗುವುದರಿಂದ ಮೇಲುಗಡೆ "ಇವತ್ತಿನ ಮೀನು" ಅಂತ ಒಂದು ಸಾಲು ಬಿಡಿ, ಬೆಳಿಗ್ಗೆ ಪೇಟೆಯಿಂದ ಬಂದ ತಕ್ಷಣ ನೀವೇ ನಿಮ್ಮ ಫೋನಿನಿಂದ ತಿದ್ದುವಂತಿರಲಿ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ ಅನ್ನುವುದು ಬೆಂಗಳೂರಿನಿಂದ ಬರುವ ಎಲ್ಲರಿಗೂ ಗೊತ್ತಿರುವುದಿಲ್ಲ. ಆಗ ಏನು ಸಿಗುತ್ತದೆ ಅಂತ ಅಲ್ಲೇ ಬರೆದಿರಿ.

ಪ್ರಶ್ನೆ: ಗೋಕರ್ಣದಲ್ಲಿ ಸಣ್ಣ ಕಾಟೇಜ್ ಇದೆ. ಇನ್‌ಸ್ಟಾಗ್ರಾಂ ಇದ್ದರೆ ಸಾಲದೇ? ವೆಬ್‌ಸೈಟ್ ಯಾಕೆ?
– ಓದುಗರೊಬ್ಬರು, ಗೋಕರ್ಣ

ಉತ್ತರ: ಫೋಟೋ ನೋಡಿ ಇಷ್ಟಪಡುವುದಕ್ಕೆ ಇನ್‌ಸ್ಟಾಗ್ರಾಂ ಸಾಕು. ದರ, ದಾರಿ, ಕೋಣೆ ಇದೆಯಾ ಅಂತ ತಿಳಿಯುವುದಕ್ಕೆ ಸಾಲದು, ಖಾತೆ ಇಲ್ಲದವರಿಗೆ ಅದು ಸರಿಯಾಗಿ ತೆರೆಯುವುದೂ ಇಲ್ಲ. ಗೂಗಲ್ ಹುಡುಕಾಟದಲ್ಲಿ, ಮ್ಯಾಪಿನಲ್ಲಿ ನಿಮ್ಮ ಜಾಗ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ, ಅದನ್ನು ಮೊದಲು ಮಾಡಿ, ಆಮೇಲೆ ಒಂದೇ ಒಂದು ಪುಟದ ವೆಬ್‌ಸೈಟ್ ಮಾಡಿಸಿ ಅದಕ್ಕೆ ಜೋಡಿಸಿ. ನೇರವಾಗಿ ಬಂದ ಬುಕಿಂಗಿಗೆ ಯಾರಿಗೂ ಕಮಿಷನ್ ಕೊಡಬೇಕಿಲ್ಲ. ಗೋಕರ್ಣಕ್ಕೆ ಹೊರದೇಶದವರು ಬರುವುದರಿಂದ ಕಾಲ್ ಬಟನ್ನಿನ ನಂಬರಿಗೆ ಪ್ಲಸ್ 91 ಸೇರಿಸಿರಿ. ಮಳೆಗಾಲಕ್ಕೆ ಮುಚ್ಚುತ್ತೀರಾದರೆ ಯಾವ ತಿಂಗಳು ತೆರೆಯುತ್ತೀರಿ ಅಂತ ಮೇಲೆಯೇ ಹಾಕಿ. ನಿಮ್ಮ ಕಾಟೇಜ್ ಓಂ ಬೀಚಿನ ಕಡೆ ಇದ್ದು, ಕಾರು ಮೇಲೆ ಬಿಟ್ಟು ಮೆಟ್ಟಿಲಿಳಿದು ಬರಬೇಕಾದರೆ ಅದನ್ನೂ ಬರೆಯಿರಿ, ವಯಸ್ಸಾದವರನ್ನು ಕರೆದುಕೊಂಡು ಬರುವವರು ಮೊದಲೇ ತಿಳಿದುಕೊಳ್ಳಲಿ.