ಟಿಬಿಯಾದ ಕೆಳತುದಿಯಲ್ಲಿರುವ ಆ ನುಣುಪು ಗುರುತು ಏನು?

ಸೀನಿಯರ್ ಹತ್ತಿರ ತಗೊಂಡ, ಅನಾಟಮಿ ಕಲಿಯಲು ಬಳಸುವ ಮನುಷ್ಯರ ಮೂಳೆಗಳ ಬೋನ್ ಸೆಟ್‌ನಲ್ಲಿ ಟಿಬಿಯಾದ (ಮೊಣಕಾಲಿನ ಕೆಳಗಿನ ದಪ್ಪ ಮೂಳೆಯ) ಕೆಳತುದಿಗೆ, ಮುಂದಿನ ಅಂಚಲ್ಲಿ, ಸಣ್ಣ ನುಣುಪು ಗುರುತಿದೆ, ಪುಸ್ತಕದ ಚಿತ್ರದಲ್ಲಿ ಅದಿಲ್ಲ, ಮೂಳೆ ಸವೆದಿದೆಯಾ ಇಲ್ಲಾ ಕಾಯಿಲೆಯಾ ಅಂತ ಕೇಳಿದ್ದೀರಿ. ಎರಡೂ ಇರಲಿಕ್ಕಿಲ್ಲ. ನೀವು ಹೇಳಿದ ಜಾಗ ನೋಡಿದರೆ ಅದು ಸ್ಕ್ವಾಟಿಂಗ್ ಫ್ಯಾಸೆಟ್, ಅಂದರೆ ಕುಕ್ಕರಗಾಲಲ್ಲಿ ಕೂರುವುದರ ಜೊತೆ ನಂಟಿರುವ ನುಣುಪು ಜಾಗ. ನಾನು ವಿಜಯಪುರದಲ್ಲಿ ಅನಾಟಮಿ ಕಲಿಸುತ್ತೇನೆ, ಹೊಸ ಬ್ಯಾಚ್ ಬಂದಾಗೆಲ್ಲ ಈ ಪ್ರಶ್ನೆ ಬರುತ್ತದೆ.

ಹಿಮ್ಮಡಿ ಎತ್ತದೆ ಕುಕ್ಕರಗಾಲಲ್ಲಿ ಕೂತು ನೋಡಿ. ಕಣಕಾಲು ಪಾದದ ಮೇಲೆ ಪೂರ್ತಿ ಮುಂದಕ್ಕೆ ಬಾಗುತ್ತದೆ, ಅಲ್ವಾ? ಆಗ ಟಿಬಿಯಾದ ಮುಂದಿನ ಅಂಚು ಅದರ ಕೆಳಗಿರುವ ಪಾದದ ಮೂಳೆ ಟೇಲಸ್‌ನ ಕುತ್ತಿಗೆಗೆ (ಅದರ ಕಿರಿದಾದ ಭಾಗಕ್ಕೆ) ತಾಗುತ್ತದೆ. ತಾಗಿ ತಾಗಿ ಎರಡೂ ಮೂಳೆಯಲ್ಲಿ ನುಣುಪು ಜಾಗ ಮೂಡುತ್ತದೆ. ಹೊರಬದಿಯದ್ದೇ ಜಾಸ್ತಿ, ಒಳಬದಿಯದ್ದು ಕಡಿಮೆ. ನಮ್ಮ ಕಡೆ ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವವರು ದಿನವಿಡೀ ಹೀಗೇ ಕೂತು ಮುಂದೆ ಸರಿಯುತ್ತಾರೆ. ಕುರ್ಚಿಯಲ್ಲೇ ಕೂತು ಬೆಳೆದ ಯುರೋಪಿನವರಲ್ಲಿ ಈ ಗುರುತು ಕಡಿಮೆ. ಅನಾಟಮಿ ತಜ್ಞ ಆರ್ಥರ್ ಥಾಮ್ಸನ್ 1889ರಲ್ಲೇ ಇದರ ಬಗ್ಗೆ ಬರೆದಿದ್ದರು. ಲಾಹೋರಿನಲ್ಲಿ ಅನಾಟಮಿ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1893ರಲ್ಲಿ ಪಂಜಾಬಿಗಳ ಕಾಲಿನ ಮೂಳೆ ನೋಡಿ ಕೂರುವ ರೀತಿಗೂ ಮೂಳೆಗೂ ನಂಟು ತೋರಿಸಿದರು.

ಹಾಗಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) "ಈ ಮನುಷ್ಯ ರೈತ ಸರ್" ಅಂದುಬಿಡಬೇಡಿ! ಇನ್ನೂ ಹುಟ್ಟದ ಶಿಶುಗಳ ಮೂಳೆಯಲ್ಲೂ ಇಂಥ ಗುರುತು ಸಿಕ್ಕಿದೆ. ಅಭ್ಯಾಸವೊಂದೇ ಕಾರಣ ಅನ್ನಲು ಬರುವುದಿಲ್ಲ.

ಬೆರಳಾಡಿಸಿ ನೋಡಿ. ನುಣ್ಣಗಿದ್ದು ಕೆಳಗಿನ ಕೀಲಿನ ಮೇಲ್ಮೈಯಿಂದಲೇ ಮುಂದುವರಿದಂತಿದ್ದರೆ ಫ್ಯಾಸೆಟ್. ಅಂಚು ಒರಟಾಗಿ, ಮುಳ್ಳಿನಂತೆ ಹೊರಗೆ ಚಾಚಿದ್ದರೆ ಅದು ಸಂಧಿವಾತದ ಕಡೆಗೆ ಬೆರಳು ತೋರಿಸುತ್ತದೆ.

ಇನ್ನು ಟಿಬಿಯಾದ ನಡುಭಾಗ ಕೆಲವರಲ್ಲಿ ಅಕ್ಕಪಕ್ಕದಿಂದ ಒತ್ತಿದಂತೆ ಚಪ್ಪಟೆ ಇರುತ್ತದೆ. ಮೂಳೆಯೊಳಗೆ ರಕ್ತನಾಳ ಹೋಗುವ ರಂಧ್ರದ, ಅಂದರೆ ನ್ಯೂಟ್ರಿಯೆಂಟ್ ಫೊರಾಮೆನ್ ಮಟ್ಟದಲ್ಲಿ ಅಳೆದು, ಅಗಲವು ಮುಂದು-ಹಿಂದಿನ ಅಳತೆಯ ಶೇಕಡಾ 63ಕ್ಕಿಂತ ಕಡಿಮೆ ಬಂದರೆ ಆ ಚಪ್ಪಟೆತನವನ್ನು ಪ್ಲಾಟಿಕ್ನೀಮಿಯಾ ಅನ್ನುತ್ತಾರೆ. ಅದೂ ಕಾಯಿಲೆಯಲ್ಲ. ಟಿಬಿಯಾದ ಪಕ್ಕದ ತೆಳು ಮೂಳೆ ಫಿಬುಲಾ ಅಂತೂ ಒಂದರಂತೆ ಇನ್ನೊಂದಿಲ್ಲ. ಎಡವೋ ಬಲವೋ ಹೇಳುವಾಗ ಅದರ ನಡುಭಾಗ ನಂಬಬೇಡಿ. ಕೆಳತುದಿಯ ಒಳಬದಿಯಲ್ಲಿ, ಹಿಂದೆ ಇರುವ ಗುಂಡಿ ಹುಡುಕಿ.

ನಿಮ್ಮ ಸೆಟ್‌ನ ಟೇಲಸ್ ಕುತ್ತಿಗೆಯಲ್ಲೂ ಜೋಡಿ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕೈಯಿಂದ ಕೈಗೆ ಬಂದ ಸೆಟ್‌ಗಳಲ್ಲಿ ಬೇರೆ ಬೇರೆಯವರ ಮೂಳೆ ಸೇರಿಕೊಂಡಿರುವುದು ಮಾಮೂಲು.